ಮೈಗೆ ಲೇಟೆಕ್ಸ್ ಹಚ್ಚೋದೇನೋ ಸುಲಭ, ತೆಗೆಯೋದು?

ಪ್ರಶ್ನೆ: ದಾವಣಗೆರೆಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಏಪ್ರಿಲ್ ಕೊನೆಗೆ ಚಿತ್ರದುರ್ಗದಲ್ಲಿ ನಮ್ಮ ತಂಡದ ನಾಟಕವಿದೆ. ಬಯಲಲ್ಲೇ ವೇದಿಕೆ, ಸಂಜೆ 7ಕ್ಕೆ ಶುರು. ಕೋಟೆಯ ಕಲ್ಲಿನ ಕಾವಲುಗಾರನಿಗೆ ಜೀವ ಬರುವ ಪಾತ್ರ ನನ್ನದು. ಸೊಂಟದಿಂದ ಮೇಲೆ ಪೂರ್ತಿ ಲಿಕ್ವಿಡ್ ಲೇಟೆಕ್ಸ್ ಹಚ್ಚಿ ಕಲ್ಲಿನ ಬಣ್ಣ ಕೊಡಬೇಕು, ಕೊನೆಯ ದೃಶ್ಯದಲ್ಲಿ ಆ ಕಲ್ಲಿನ ಚರ್ಮ ಸುಲಿದು ಬೀಳಬೇಕು ಅನ್ನೋದು ನಿರ್ದೇಶಕರ ಆಸೆ. ಗೆಳೆಯನೊಬ್ಬ ಮುಂಗೈಗೆ ಹಚ್ಚಿ ನೋಡಿದ. ಕೀಳುವಾಗ ಕೂದಲೆಲ್ಲ ಕಿತ್ತು ಬಂತು. ನನ್ನ ಎದೆ ಮೇಲೆ ಕೂದಲು ಜಾಸ್ತಿ. ಶೇವ್ ಮಾಡಲೇಬೇಕಾ? ತೆಗೆಯೋಕೆ ಸೀಮೆಎಣ್ಣೆ ಸಾಕು ಅಂತ ಒಬ್ಬರು ಹೇಳಿದರು, ನಿಜವಾ? ಇನ್ನೊಂದು ವಿಷಯ, ಬಾಳೆಹಣ್ಣು ತಿಂದರೆ ನನಗೆ ತುಟಿ, ಗಂಟಲು ತುರಿಸುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ತಾನೆ?

ಉತ್ತರ: ನೀವು ಕೊನೆಗೆ ಸುಮ್ನೆ ಸೇರಿಸಿದ ಬಾಳೆಹಣ್ಣಿನ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸಂಬಂಧ ಇದೆ. ಅದು ಇತ್ಯರ್ಥ ಆಗುವವರೆಗೆ ನೀವು ಲೇಟೆಕ್ಸ್ ಬಾಟಲಿಯನ್ನು ಮುಟ್ಟಲೇಬೇಡಿ.

ಲಿಕ್ವಿಡ್ ಲೇಟೆಕ್ಸ್ ಅಂದರೆ ಬೇರೇನಲ್ಲ, ರಬ್ಬರ್ ಮರದ ಹಾಲು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದ ತೊಗಟೆ ಗೀರಿ ಚಿಪ್ಪಿನಲ್ಲಿ ಹಿಡಿಯುತ್ತಾರಲ್ಲ, ಅದೇ. ಅದನ್ನು ಸೋಸಿ, ಗಟ್ಟಿ ಮಾಡಿ, ಕೆಡದಂತೆ ಅಮೋನಿಯಾ ಬೆರೆಸಿ ಬಾಟಲಿಗೆ ತುಂಬುತ್ತಾರೆ. ಮರದ ಹಾಲಾದ್ದರಿಂದ ಅದರಲ್ಲಿ ಪ್ರೋಟೀನ್ ಇರುತ್ತದೆ. ಕೆಲವರ ದೇಹಕ್ಕೆ ಆ ಪ್ರೋಟೀನ್ ಆಗುವುದಿಲ್ಲ. ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣುಗಳಲ್ಲಿ ಇದನ್ನೇ ಹೋಲುವ ಪ್ರೋಟೀನ್‌ಗಳಿವೆ. ಹಾಗಾಗಿ ಲೇಟೆಕ್ಸ್ ಅಲರ್ಜಿ ಇರುವವರಲ್ಲಿ ನೂರಕ್ಕೆ 30ರಿಂದ 50 ಜನರಿಗೆ ಇಂಥ ಯಾವುದಾದರೂ ಒಂದು ಹಣ್ಣು ಒಗ್ಗುವುದಿಲ್ಲ. ಬಾಳೆಹಣ್ಣು ಆಗದವರಿಗೆಲ್ಲ ಲೇಟೆಕ್ಸ್ ಆಗುವುದಿಲ್ಲ ಅಂತ ಇದರ ಅರ್ಥ ಅಲ್ಲ. ಆದರೆ ಅನುಮಾನ ಪಡೋಕೆ ಇಷ್ಟು ಸಾಕು.

ನೆನಪು ಮಾಡಿಕೊಳ್ಳಿ. ಬಲೂನ್ ಊದಿದ ಮೇಲೆ ತುಟಿ ದಪ್ಪಗಾಗಿದ್ದುಂಟಾ? ಹಲ್ಲಿನ ಡಾಕ್ಟರ್ ಗ್ಲೌಸ್ ಹಾಕಿಕೊಂಡು ಬಾಯಿಗೆ ಕೈ ಹಾಕಿದಾಗ ಉರಿ, ತುರಿಕೆ? ಚಿಕ್ಕಂದಿನಲ್ಲಿ ಮೇಲಿಂದ ಮೇಲೆ ಆಪರೇಷನ್ ಆಗಿತ್ತಾ? ಅಸ್ತಮಾ ಇದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ದಾವಣಗೆರೆಯಲ್ಲೇ ಇದ್ದೀರಿ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರನ್ನು ಕಾಣಿ. ಬಾಳೆಹಣ್ಣಿನ ವಿಷಯವನ್ನೂ ನಾಟಕದ ವಿಷಯವನ್ನೂ ಬಿಡಿಸಿ ಹೇಳಿ. ರಕ್ತ ಪರೀಕ್ಷೆಯೋ ಚರ್ಮದ ಪರೀಕ್ಷೆಯೋ ಅವರು ತೀರ್ಮಾನ ಮಾಡುತ್ತಾರೆ. ‘ಮನೆಯಲ್ಲೇ ಒಂದು ತೊಟ್ಟು ಹಚ್ಚಿ ನೋಡಿದರೆ ಗೊತ್ತಾಗಲ್ವಾ?’ ಅಂತ ಕೇಳಬಹುದು. ನಿಮ್ಮ ವಿಷಯದಲ್ಲಿ ಅದು ಬೇಡ. ನಿಜವಾದ ಲೇಟೆಕ್ಸ್ ಅಲರ್ಜಿ ಇದ್ದರೆ ಆ ಒಂದು ತೊಟ್ಟಿಗೇ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಬಹುದು.

ಡಾಕ್ಟರ್ ‘ತೊಂದರೆ ಇಲ್ಲ’ ಅಂದರು ಅಂತ ಇಟ್ಟುಕೊಂಡು ಮುಂದಿನದು ಹೇಳುತ್ತೇನೆ. ಇದನ್ನು ನಿಮ್ಮ ಗೆಳೆಯರೂ ಓದಲಿ.

ಅಲರ್ಜಿಯ ಅನುಮಾನ ಇಲ್ಲದವರೂ ಪರೀಕ್ಷೆ ಮಾಡಲೇಬೇಕು, ಅದೂ ನಾಟಕದ ದಿನ ತೆರೆಯುವ ಅದೇ ಬಾಟಲಿಯಿಂದ. ಮೊಣಕೈ ಒಳಬದಿಯಲ್ಲಿ ಕೂದಲಿಲ್ಲದ ಜಾಗಕ್ಕೆ ಒಂದು ರೂಪಾಯಿ ನಾಣ್ಯದಷ್ಟು ಹಚ್ಚಿ. ಅರ್ಧ ಗಂಟೆ ಬಿಟ್ಟು ತೆಗೆದು ನೋಡಿ. ಪ್ರೋಟೀನ್ ಅಲರ್ಜಿ ಸಾಮಾನ್ಯವಾಗಿ ಇಷ್ಟರೊಳಗೆ ಮುಖ ತೋರಿಸುತ್ತದೆ. ಏನೂ ಆಗದಿದ್ದರೆ ಮತ್ತೆ ಹಚ್ಚಿ ನಾಟಕದಷ್ಟೇ ಹೊತ್ತು ಬಿಡಿ. ತೆಗೆದ ಮೇಲೆ ಮೂರು ದಿನ ಆ ಜಾಗದ ಮೇಲೆ ಕಣ್ಣಿಟ್ಟಿರಿ. ರಬ್ಬರಿಗೆ ಬೆರೆಸುವ ಕೆಮಿಕಲ್‌ಗಳಿಂದ ಬರುವ ಇನ್ನೊಂದು ಬಗೆಯ ಅಲರ್ಜಿ ನಿಧಾನ. ಅದು 24 ಗಂಟೆ ಕಳೆದು, ಒಮ್ಮೊಮ್ಮೆ ಎರಡು ಮೂರು ದಿನಕ್ಕೆ ಕೆಂಪಗೆ, ನೀರ್ಗುಳ್ಳೆಯಾಗಿ ಏಳುತ್ತದೆ. ಹಿಂದಿನ ರಾತ್ರಿ ಹಚ್ಚಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಬಣ್ಣ ಬೆರೆಸುವುದಾದರೆ ಬೆರೆಸಿಯೇ ಪರೀಕ್ಷೆ ಮಾಡಿ.

ಬಾಟಲಿಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೈಗೆ ಹಚ್ಚಲೆಂದೇ ಮಾಡಿದ, ಅಮೋನಿಯಾ ಕಡಿಮೆ ಇರುವ ಲೇಟೆಕ್ಸ್ ತರಿಸಿ. ಕ್ರಿಯೋಲಾನ್, ಮೆಹ್ರಾನ್, ಬೆನ್ ನೈ ಇವೆಲ್ಲ ನಾಟಕ, ಸಿನಿಮಾದವರು ಬಳಸುವ ಹೆಸರುಗಳು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಚ್ಚು ತೆಗೆಯೋಕೆ, ಕಾರ್ಪೆಟ್ ಅಂಟಿಸೋಕೆ ಅಂತ ಡಬ್ಬಗಟ್ಟಲೆ ಅಗ್ಗಕ್ಕೆ ಸಿಗುವ ಲೇಟೆಕ್ಸ್ ಬೇರೆ. ಅದರಲ್ಲಿ ಅಮೋನಿಯಾ ಜಾಸ್ತಿ, ಚರ್ಮ ಸುಡುತ್ತದೆ. ತೋಟದಿಂದ ನೇರ ತಂದ ಹಾಲಂತೂ ಬೇಡವೇ ಬೇಡ. ರಬ್ಬರ್ ಸೊಲ್ಯೂಷನ್ ಮೈಗೆ ಹಚ್ಚುವಂಥದ್ದಲ್ಲ, ಗೋಡೆಗೆ ಹಚ್ಚುವ ಲೇಟೆಕ್ಸ್ ಪೇಂಟ್ ಹೆಸರಿಗಷ್ಟೇ ನೆಂಟ. ಬಿಸಿಲಲ್ಲಿ ಕೊರಿಯರ್ ವ್ಯಾನಿನಲ್ಲಿ ಕುದ್ದು ಬಂದ ಬಾಟಲಿ ಕೆಟ್ಟಿರಬಹುದು. ಅಲ್ಲಾಡಿಸಿ ನೋಡಿ. ಗಂಟುಗಂಟಾಗಿದ್ದರೆ ಅಥವಾ ಕೊಳೆತ ವಾಸನೆ ಹೊಡೆದರೆ ಸೋಸಿ ಬಳಸುವ ಚೌಕಾಸಿ ಬೇಡ, ಎಸೆಯಿರಿ.

ಇನ್ನು ನಿರ್ದೇಶಕರ ಆಸೆ. ಸೊಂಟದಿಂದ ಮೇಲೆ ಪೂರ್ತಿ ಅಂದಿರಿ. ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಮೈಯೆಲ್ಲ ಮುಚ್ಚಿದರೆ ಚರ್ಮಕ್ಕೆ ಉಸಿರು ಕಟ್ಟಿ ಮನುಷ್ಯ ಸಾಯುತ್ತಾನೆ ಅಂತ ಒಂದು ಕಥೆ ಓಡಾಡುತ್ತದೆ, ಅದು ಸುಳ್ಳು. ನಾವು ಉಸಿರಾಡೋದು ಮೂಗು, ಬಾಯಿಯಿಂದ. ನಿಜವಾದ ತೊಂದರೆ ಬೆವರಿನದು. ಮೈ ತಣ್ಣಗಾಗಬೇಕಾದರೆ ಬೆವರು ಬಂದರಷ್ಟೇ ಸಾಲದು, ಆರಬೇಕು. ರಬ್ಬರ್ ಪದರದ ಅಡಿಯಲ್ಲಿ ಅದು ಆರುವುದಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ 37-38 ಡಿಗ್ರಿ ಹೊಸದೇನಲ್ಲ. ನಾಟಕ 7ಕ್ಕೆ ಅಂದರೆ ನೀವು ಬಣ್ಣಕ್ಕೆ ಕೂರೋದು 4 ಗಂಟೆಗೆ, ಅದೂ ಬಹುಶಃ ತಗಡಿನ ಶೀಟಿನ ಕೆಳಗೆ. ಅಲ್ಲಿಂದ ನಾಟಕ ಮುಗಿಯುವವರೆಗೆ ಐದು ಗಂಟೆ. ಎದೆ, ಬೆನ್ನು, ಎರಡೂ ತೋಳು ಮುಚ್ಚಿಕೊಂಡು ಓಡಾಡಿ, ಕೂಗಿ ಮಾತಾಡಿ, ಮೇಲೆ ರಂಗದ ಲೈಟಿನ ಕಾವು ಬಿದ್ದರೆ ಮೈ ಕಾವೇರುತ್ತದೆ. ಬೇಷ್ ಅನ್ನಿಸಿಕೊಳ್ಳುವಷ್ಟರಲ್ಲಿ ತಲೆ ಸುತ್ತಿ ಬೀಳುತ್ತೀರಿ. ಅಷ್ಟಾಗದಿದ್ದರೂ ಬೆವರು ಪದರದ ಕೆಳಗೆ ನಿಂತು ಗುಳ್ಳೆಯ ಹಾಗೆ ಉಬ್ಬುತ್ತದೆ. ಉಬ್ಬಿದ ಕಡೆ ಹರಿಯುತ್ತದೆ. ನಿಮ್ಮ ಕಲ್ಲು ಮೊದಲ ಅಂಕದಲ್ಲೇ ಸುಲಿಯೋಕೆ ಶುರು.

ಇದಕ್ಕೆ ನಾಟಕದವರಲ್ಲಿ ಒಂದು ಒಳ್ಳೆಯ ಉಪಾಯವಿದೆ. ಎದೆ ಮತ್ತು ಬೆನ್ನಿಗೆ ಮೈ ಮೇಲೆ ಹಚ್ಚಬೇಡಿ, ಬನಿಯನ್ ಮೇಲೆ ಹಚ್ಚಿ. ಮೈಗೆ ಅಂಟಿಕೊಳ್ಳುವ ತೆಳ್ಳನೆಯ ಬನಿಯನ್ ತಗೊಳ್ಳಿ. ಅಂಗಡಿಯವರ ಗೊಂಬೆಗೋ ಬಟ್ಟೆ ತುಂಬಿದ ದಿಂಬಿಗೋ ತೊಡಿಸಿ. ಟಿಶ್ಯೂ ಪೇಪರನ್ನು ಕೈಯಲ್ಲಿ ಹರಿದು ಹರಿದು ಲೇಟೆಕ್ಸ್‌ನಲ್ಲಿ ಅಂಟಿಸುತ್ತ ಹೋಗಿ. ಒಣಗಿದ ಮೇಲೆ ಸುಕ್ಕುಗಳೆಲ್ಲ ಬಂಡೆಯ ಬಿರುಕಿನ ಹಾಗೆ ಕಾಣುತ್ತವೆ. ಕಂಕುಳ ಕೆಳಗೆ, ಬೆನ್ನಿನ ನಡುವೆ ಹಚ್ಚದೆ ಬರೀ ಬಟ್ಟೆ ಬಿಡಿ, ಗಾಳಿ ಆಡುತ್ತದೆ. ಹಿಂದೆ ಹುಕ್ಕು ಹೊಲಿಸಿದರೆ ಹಾಕೋಕೆ ಎರಡು ನಿಮಿಷ, ಬಿಚ್ಚೋಕೆ ಒಂದು ನಿಮಿಷ. ಎದೆಯ ಕೂದಲಿನ ಚಿಂತೆಯೂ ಅಲ್ಲಿಗೆ ಮುಗಿಯಿತು, ಶೇವ್ ಬೇಕಾಗಿಲ್ಲ. ಮೈಗೆ ನೇರವಾಗಿ ಹಚ್ಚೋದು ಭುಜ, ತೋಳಿನ ಹೊರಬದಿ ಇಷ್ಟಕ್ಕೇ ಇರಲಿ. ಬನಿಯನ್ ಅಂಚಿಗೂ ಚರ್ಮಕ್ಕೂ ನಡುವಿನ ಗೆರೆಯನ್ನು ಲೇಟೆಕ್ಸ್ ಮುಚ್ಚುತ್ತದೆ. ಪ್ರೇಕ್ಷಕರು ಕೂರೋದು 20 ಅಡಿ ದೂರದಲ್ಲಿ. ಅಲ್ಲಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಹಚ್ಚುವ ಜಾಗದ ಕೂದಲು ಮಾತ್ರ ಹೋಗಲೇಬೇಕು. ಲೇಟೆಕ್ಸ್ ಕಾದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಒಣಗುತ್ತದೆ. ನೀರು ಆರಿದಂತೆ ರಬ್ಬರಿನ ಕಣಗಳು ಒಂದಕ್ಕೊಂದು ಬೆಸೆದು ಪದರವಾಗುತ್ತವೆ. ಆ ಹೊತ್ತಿಗೆ ನಡುವೆ ಸಿಕ್ಕ ಕೂದಲು ಪದರದೊಳಗೆ ಹೂತುಹೋಗಿರುತ್ತದೆ. ನಿಮ್ಮ ಗೆಳೆಯನಿಗೆ ಆದದ್ದು ಅದೇ. ಟ್ರಿಮ್ಮರ್ ಸಾಲದು, ಮೋಟು ಕೂದಲೂ ಪದರಕ್ಕೆ ಕಚ್ಚಿಕೊಳ್ಳುತ್ತದೆ. ಹೊಸ ಬ್ಲೇಡಿನಲ್ಲಿ, ಕೂದಲು ಬೆಳೆದ ದಿಕ್ಕಿಗೇ ಶೇವ್ ಮಾಡಿ. ಆದರೆ ಅದೇ ದಿನ ಬೇಡ, ಒಂದು ದಿನ ಮುಂಚೆ ಮಾಡಿ. ಶೇವ್ ಮಾಡಿದಾಗ ಕಣ್ಣಿಗೆ ಕಾಣದ ಗೀರುಗಳಾಗಿರುತ್ತವೆ. ಅಮೋನಿಯಾ ಬಿದ್ದರೆ ಚುರುಚುರು ಅನ್ನುತ್ತದೆ, ಅಲರ್ಜಿ ಆಗುವ ಸಾಧ್ಯತೆಯೂ ಜಾಸ್ತಿ. ವ್ಯಾಕ್ಸ್ ಮಾಡಿಸುವವರು ಮೂರು ನಾಲ್ಕು ದಿನ ಮುಂಚೆಯೇ ಮಾಡಿಸಿ.

ಹುಬ್ಬು, ರೆಪ್ಪೆ, ಗಡ್ಡ, ಮೀಸೆ, ತಲೆಗೂದಲಿನ ಅಂಚು, ಕಂಕುಳು ಇವುಗಳ ಹತ್ತಿರಕ್ಕೂ ಲೇಟೆಕ್ಸ್ ಹೋಗಬಾರದು. ಮುಖಕ್ಕೆ ನೀರಿನ ಪ್ಯಾನ್‌ಕೇಕ್, ಅಂದರೆ ನೀರಲ್ಲಿ ಕಲಸಿ ಹಚ್ಚುವ ಮೇಕಪ್ ಬಣ್ಣ, ಸಾಕು. ಲೇಟೆಕ್ಸ್ ಹತ್ತಿರ ಸುಳಿಯುವ ಭಯ ಇರುವ ಕಡೆಯ ಕೂದಲಿಗೆ ವ್ಯಾಸಲೀನ್ ಮೆತ್ತಿ. ಜಿಡ್ಡಿನ ಮೇಲೆ ಲೇಟೆಕ್ಸ್ ಹಿಡಿಯುವುದಿಲ್ಲ. ಉಬ್ಬಿದ ಮಚ್ಚೆ, ಗಾಯದ ಕಲೆಗೂ ಅಷ್ಟೇ. ಹಸಿ ಗಾಯ, ಮೊಡವೆ, ಬೆವರುಸಾಲೆ, ಗಜಕರ್ಣ ಇರುವ ಜಾಗ ಬಿಟ್ಟುಬಿಡಿ. ಬೇಸಿಗೆಯಲ್ಲಿ ಬೆವರುಸಾಲೆ ಇಲ್ಲದ ಬೆನ್ನು ನಮ್ಮೂರಲ್ಲಿ ಸಿಗೋದೇ ಕಷ್ಟ, ಬನಿಯನ್ ಉಪಾಯಕ್ಕೆ ಅದೂ ಒಂದು ಕಾರಣ.

ನಾಟಕದ ದಿನ ಸೋಪು ಹಚ್ಚಿ ಸ್ನಾನ ಮಾಡಿ. ಎಣ್ಣೆ, ಲೋಷನ್, ಸೆಂಟ್ ಯಾವುದೂ ಬೇಡ. ಬೆಣ್ಣೆ ದೋಸೆ ತಿಂದು ಬಂದು ಅದೇ ಕೈಯಲ್ಲಿ ತೋಳು ಸವರಿಕೊಂಡರೆ ಆ ಬೆರಳು ತಾಗಿದಷ್ಟು ಜಾಗದಲ್ಲಿ ಲೇಟೆಕ್ಸ್ ಎದ್ದು ಬರುತ್ತದೆ. ದೋಸೆ ತಿನ್ನಬೇಡಿ ಅಂತಲ್ಲ, ತಿಂದು ಕೈ ತೊಳೆಯಿರಿ.

ಮೈ ಮೇಲಿನ ದಾರಗಳನ್ನು ನೋಡಿಕೊಳ್ಳಿ. ಶಿವದಾರ, ಜನಿವಾರ, ತಾಯತದ ದಾರ, ಕೈಗೆ ಕಟ್ಟಿದ ಕೆಂಪು ದಾರ ಯಾವುದೇ ಇರಲಿ, ಹತ್ತಿಯ ದಾರ ಲೇಟೆಕ್ಸ್ ಕುಡಿದು ಒಣಗಿತೆಂದರೆ ಮತ್ತೆ ಬಿಡುವುದಿಲ್ಲ. ತೆಗೆಯಲಾಗದ ದಾರವನ್ನು ಹಚ್ಚುವ ಜಾಗದಿಂದ ದೂರ ಸರಿಸಿ, ಬಟ್ಟೆಯೊಳಗೆ ಸಿಕ್ಕಿಸಿ. ತಾಮ್ರದ ಕಡಗ, ಹಿತ್ತಾಳೆ ಉಂಗುರ ತೆಗೆದಿಡಿ. ತಾಮ್ರ ತಾಗಿದ ಕಡೆ ಲೇಟೆಕ್ಸ್ ಕಂದು ಕಲೆಯಾಗುತ್ತದೆ, ಬೇಗ ಹಾಳಾಗುತ್ತದೆ. ಪ್ಯಾಂಟ್ ಹಳೆಯದಿರಲಿ. ಬಟ್ಟೆ ಮೇಲೆ ಬಿದ್ದ ಲೇಟೆಕ್ಸ್ ಹಸಿ ಇದ್ದಾಗ ನೀರಿಗೆ ಹೋಗುತ್ತದೆ, ಒಣಗಿದ ಮೇಲೆ ಹೋಗುವುದಿಲ್ಲ.

ಹಚ್ಚುವಾಗ ಕಿಟಕಿ, ಬಾಗಿಲು ತೆಗೆದಿಡಿ. ಬಾಟಲಿ ತೆರೆದ ಕೂಡಲೇ ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ. ಬ್ರಶ್ ಬೇಡ, ಎರಡೇ ಸಲಕ್ಕೆ ಕೂದಲೆಲ್ಲ ಮುದ್ದೆಯಾಗುತ್ತದೆ. ಅಗ್ಗದ ಸ್ಪಂಜನ್ನು ತುಂಡು ಮಾಡಿ, ಒತ್ತಿ ಒತ್ತಿ ತೆಳ್ಳಗೆ ಹಚ್ಚಿ. ಒಂದು ಪದರ ಒಣಗೋಕೆ ಐದರಿಂದ ಹತ್ತು ನಿಮಿಷ. ಚಿತ್ರದುರ್ಗದ ಗಾಳಿ ಬೇಗ ಒಣಗಿಸುತ್ತದೆ, ಜೋಗಿಮಟ್ಟಿ ಕಡೆ ಗಾಳಿಯಂತ್ರ ನೆಟ್ಟಿರೋದು ಸುಮ್ನೆ ಅಲ್ಲ. ಆದರೆ ಅದೇ ಗಾಳಿ ದೂಳನ್ನೂ ತರುತ್ತದೆ, ಒಳಗೇ ಕೂತು ಹಚ್ಚಿ. ಹೇರ್ ಡ್ರೈಯರ್ ಬಳಸಿದರೆ ತಣ್ಣನೆಯ ಗಾಳಿಯಲ್ಲಿ ಮಾತ್ರ. ಮೂರು ನಾಲ್ಕು ತೆಳು ಪದರ ಇರಲಿ. ತೀರಾ ತೆಳ್ಳಗಾದರೆ ತೆಗೆಯುವಾಗ ಚೂರುಚೂರಾಗಿ ಹರಿದು ಪ್ರಾಣ ತಿನ್ನುತ್ತದೆ. ಸ್ವಲ್ಪ ದಪ್ಪ ಇದ್ದರೆ ಇಡೀ ಹಾಳೆಯಾಗಿ ಏಳುತ್ತದೆ.

ಒಣಗುವಾಗ ಲೇಟೆಕ್ಸ್ ಕುಗ್ಗುತ್ತದೆ ಅನ್ನೋದು ಬಹಳ ಜನಕ್ಕೆ ಗೊತ್ತಿರೋದಿಲ್ಲ. ತೋಳಿಗೆ, ಬೆರಳಿಗೆ, ಕುತ್ತಿಗೆಗೆ ಬಳೆಯ ಹಾಗೆ ಪೂರ್ತಿ ಸುತ್ತ ಹಚ್ಚಿದರೆ ಬಿಗಿಯಾಗುತ್ತದೆ. ತೋಳಿನ ಒಳಬದಿಯಲ್ಲಿ ಎರಡು ಬೆರಳಗಲ ಬಿಡಿ. ಕುತ್ತಿಗೆಯ ಮುಂಭಾಗಕ್ಕೆ ಹಚ್ಚಲೇಬೇಡಿ. ಮೊಣಕೈ ಅರ್ಧ ಮಡಚಿಕೊಂಡು ಹಚ್ಚಿಸಿಕೊಳ್ಳಿ. ನೆಟ್ಟಗೆ ಚಾಚಿ ಹಚ್ಚಿದರೆ ಮಡಚಿದಾಗ ಹರಿಯುತ್ತದೆ.

ಈಗ ಒಂದು ಸಣ್ಣ ಕೈಚಳಕ. ಒಂದೊಂದು ಜಾಗದಲ್ಲೂ ಪ್ರೇಕ್ಷಕರಿಗೆ ಕಾಣದ ಅಂಚೊಂದನ್ನು ಆರಿಸಿಕೊಳ್ಳಿ, ತೋಳಿನ ಹಿಂಬದಿ ಅನ್ನಿ. ಎರಡನೇ ಪದರ ಹಸಿ ಇರುವಾಗಲೇ ಅಲ್ಲಿ ಬ್ಯಾಂಡೇಜ್ ಬಟ್ಟೆಯ ಒಂದು ಇಂಚಿನ ಚೂರು ಇಟ್ಟು ಅರ್ಧವನ್ನು ಮಾತ್ರ ಲೇಟೆಕ್ಸ್‌ನಲ್ಲಿ ಹೂಳಿ. ಉಳಿದರ್ಧ ಹೊರಗೆ ನಾಲಿಗೆಯಂತೆ ಇರಲಿ. ರಾತ್ರಿ ದಣಿದು ಬಂದಾಗ ಉಗುರಿನಿಂದ ಅಂಚು ಕೆರೆಯುತ್ತ ಕೂರುವ ಬದಲು ಆ ನಾಲಿಗೆ ಹಿಡಿದರೆ ಸಾಕು. ಅಂಚು ಹುಡುಕುವ ಕೆರೆದಾಟದಲ್ಲಿ ಚರ್ಮಕ್ಕೆ ಆಗುವಷ್ಟು ಗಾಯ ಎಳೆಯುವಾಗಲೂ ಆಗುವುದಿಲ್ಲ.

ಒಣಗಿದ ಲೇಟೆಕ್ಸ್ ತನಗೆ ತಾನೇ ಅಂಟಿಕೊಳ್ಳುತ್ತದೆ. ತೋಳನ್ನು ಪಕ್ಕೆಗೆ ತಾಗಿಸಿದರೆ ಬನಿಯನ್‌ಗೆ ಕಚ್ಚಿಕೊಂಡು ಬಿಡುತ್ತದೆ. ಕೊನೆಯ ಪದರ ಒಣಗಿದ ಕೂಡಲೇ ಕಾರ್ನ್‌ಫ್ಲೋರ್ ಅಥವಾ ಪೌಡರ್ ಸವರಿ. ಮೇಲೆ ಬಣ್ಣ ಕೊಡೋದಾದರೆ ನೀರಿನ ಪ್ಯಾನ್‌ಕೇಕ್ ಬಳಸಿ. ಸಾಮಾನ್ಯ ಗ್ರೀಸ್ ಪೇಂಟ್ ಅಂದರೆ ಜಿಡ್ಡಿನ ಮೇಕಪ್ ಬಣ್ಣ, ಅದರ ಮಿನರಲ್ ಎಣ್ಣೆ ರಬ್ಬರನ್ನು ಉಬ್ಬಿಸಿ ಸಡಿಲ ಮಾಡುತ್ತದೆ.

ಬಣ್ಣದ ಬಗ್ಗೆ ಒಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಬಾಟಲಿಯಲ್ಲಿ ಬೆಳ್ಳಗಿರುವ ಹಾಲು ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಹಾಗಾಗಿ ಬೆರೆಸಿದ ಬಣ್ಣ ಒಣಗಿದಾಗ ಗಾಢವಾಗಿ ಕಾಣುತ್ತದೆ. ಬೇಕಾದ್ದಕ್ಕಿಂತ ತಿಳಿಯಾಗಿ ಬೆರೆಸಿ. ಕಲ್ಲು ಅಂದ ಕೂಡಲೇ ಎಲ್ಲರೂ ಸಿಮೆಂಟಿನ ಬೂದು ಬಣ್ಣ ಬಳಿದುಬಿಡುತ್ತಾರೆ. ಒಂದು ಭಾನುವಾರ ಕೋಟೆಗೆ ಹೋಗಿ ಬಂಡೆಯ ಹತ್ತಿರ ನಿಂತು ನೋಡಿ. ಅದು ಬೂದು ಅಲ್ಲ. ಕಂದು, ಅದರೊಳಗೆ ಒಂದಿಷ್ಟು ಕೆಂಪು. ಮಳೆನೀರು ಇಳಿದ ಕಡೆ ಮೇಲಿಂದ ಕೆಳಗೆ ಕಪ್ಪು ಪಟ್ಟೆಗಳು. ಅಲ್ಲಲ್ಲಿ ಒಣಗಿದ ಪಾಚಿಯ ಬಿಳಿಚಿದ ಕಲೆಗಳು. ಭುಜದಿಂದ ಇಳಿಯುವ ಎರಡು ಕಪ್ಪು ಪಟ್ಟೆ ಹಾಕಿ, ನಿಮ್ಮ ಕಾವಲುಗಾರ ಆಗ ಈ ಊರಿನ ಕಲ್ಲಾಗುತ್ತಾನೆ.

ರಂಗದ ಮೇಲೆ ಬೆಂಕಿಯಿಂದ ದೂರ ಇರಿ. ಕೋಟೆಯ ಕಥೆ ಅಂದಮೇಲೆ ಯಾರೋ ಒಬ್ಬರು ಪಂಜು ಹಿಡಿದೇ ಹಿಡಿಯುತ್ತಾರೆ, ಶುರುವಿಗೆ ಕರ್ಪೂರದಾರತಿಯೂ ಇರುತ್ತದೆ. ಲೇಟೆಕ್ಸ್ ರಬ್ಬರು. ಹತ್ತಿಕೊಂಡರೆ ಉರಿಯುತ್ತ ಚರ್ಮಕ್ಕೆ ಅಂಟುತ್ತದೆ. ಇದನ್ನು ನಿರ್ದೇಶಕರ ಜೊತೆ ಮೊದಲೇ ಮಾತಾಡಿ, ಪಂಜಿನವರನ್ನು ಇನ್ನೊಂದು ತುದಿಗೆ ನಿಲ್ಲಿಸಿ. ನಡುನಡುವೆ ನೀರು, ಮಜ್ಜಿಗೆ ಕುಡಿಯುತ್ತಿರಿ. ತಲೆಸುತ್ತು, ವಾಕರಿಕೆ, ತಲೆನೋವು, ಚಳಿ ಬಂದ ಹಾಗೆ ಮೈ ಜುಮ್ಮೆನ್ನುವುದು ಕಂಡರೆ ನಾಟಕ ನಿಂತರೂ ಪರವಾಗಿಲ್ಲ, ಬನಿಯನ್ ಬಿಚ್ಚಿ, ಲೇಟೆಕ್ಸ್ ಕಿತ್ತು, ನೆರಳಲ್ಲಿ ಗಾಳಿಗೆ ಕೂತು ಮೈಗೆ ನೀರು ಹಾಕಿಸಿಕೊಳ್ಳಿ. ತುಟಿ, ಕಣ್ಣು ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಬಿಗಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿಸಿ. ಅಂಥ ಹೊತ್ತಲ್ಲಿ ಅಲರ್ಜಿ ಮಾತ್ರೆ ನುಂಗಿ ಕಾಯುವುದು ತಪ್ಪು. ಬೇಕಾಗೋದು ಅಡ್ರಿನಲಿನ್ ಇಂಜೆಕ್ಷನ್. ಕಣ್ಣಿಗೆ ಲೇಟೆಕ್ಸ್ ಸಿಡಿದರೆ 15 ನಿಮಿಷ ನೀರು ಹಾಯಿಸಿ, ಉಜ್ಜಬೇಡಿ, ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಸುಲಿಯುವ ದೃಶ್ಯಕ್ಕೆ ಇಡೀ ಮೈ ಸುಲಿಯಬೇಕಿಲ್ಲ. ಒಂದು ಭುಜದ ಹೊರಬದಿಯಲ್ಲಿ ಅಂಗೈಯಗಲದ ಜಾಗ ಸಾಕು. ಅಲ್ಲಿ ಮೊದಲು ನಿಮ್ಮ ಮೈಬಣ್ಣದ ಪ್ಯಾನ್‌ಕೇಕ್ ಹಚ್ಚಿ, ಒಣಗಿಸಿ, ಪೌಡರ್ ಹಾಕಿ. ಅದರ ಮೇಲೆ ಟಿಶ್ಯೂ ಸೇರಿಸಿ ಲೇಟೆಕ್ಸ್ ಹಚ್ಚಿ. ಪೌಡರ್ ಮೇಲೆ ಲೇಟೆಕ್ಸಿನ ಹಿಡಿತ ಅರೆಬರೆ. ನಾಲಿಗೆ ಹಿಡಿದು ಎಳೆದರೆ ನೋವಿಲ್ಲದೆ ಒಂದೇ ಹಾಳೆಯಾಗಿ ಏಳುತ್ತದೆ, ಕೆಳಗೆ ಜೀವಂತ ಚರ್ಮದ ಬಣ್ಣ ಕಾಣುತ್ತದೆ. ಇದನ್ನು ರಿಹರ್ಸಲ್‌ನಲ್ಲಿ ಮಾಡಿ ನೋಡದೆ ರಂಗಕ್ಕೆ ತರಬೇಡಿ.

ಇನ್ನು ತೆಗೆಯೋದು. ಇಷ್ಟೆಲ್ಲ ಮಾಡಿದ್ದರೆ ಅರ್ಧ ಕೆಲಸ ಆಗಲೇ ಮುಗಿದಿದೆ. ನಾಟಕ ಮುಗಿದು ಫೋಟೊ ತೆಗೆಸಿಕೊಂಡ ಕೂಡಲೇ ತೆಗೆಯಿರಿ. ಹಾಗೇ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಮನೆಯಲ್ಲಿ ತೆಗೆಯೋಣ ಅನ್ನಬೇಡಿ. ಒಬ್ಬ ಗೆಳೆಯ ಜೊತೆಗಿರಲಿ, ಭುಜದ ಹಿಂಬದಿಗೆ ನಿಮ್ಮ ಕೈ ಎಟುಕುವುದಿಲ್ಲ.

ಬ್ಯಾಂಡೇಜ್ ಕಿತ್ತ ಹಾಗೆ ಮೇಲಕ್ಕೆ ಎಳೆಯಬಾರದು. ನಾಲಿಗೆ ಹಿಡಿದು ಅಂಚನ್ನು ಎಬ್ಬಿಸಿ, ಚರ್ಮಕ್ಕೆ ಒತ್ತಿದಂತೆಯೇ ಹಿಂದಕ್ಕೆ ಮಡಚುತ್ತ, ಸುರುಳಿ ಸುತ್ತುತ್ತ ಬನ್ನಿ. ಇನ್ನೊಂದು ಕೈಯ ಬೆರಳುಗಳಿಂದ ಸುರುಳಿಯ ಹಿಂದೆಯೇ ಚರ್ಮವನ್ನು ಒತ್ತಿ ಹಿಡಿಯಿರಿ. ಕೂದಲು ಬೆಳೆದ ದಿಕ್ಕಿಗೇ ಸಾಗಿ. ಎಲ್ಲಿ ಚುರುಕ್ ಅಂದಿತೋ ಅಲ್ಲಿ ನಿಲ್ಲಿಸಿ. ಉಗುರುಬೆಚ್ಚಗಿನ ನೀರಿಗೆ ಶಾಂಪೂ ಬೆರೆಸಿ, ಎದ್ದ ಅಂಚಿನ ಕೆಳಗೆ ಹನಿಸಿ, ಬೆರಳಿನಿಂದ ಒಳಗೆ ತಳ್ಳಿ. ನೀರು ಒಳಗೆ ಇಳಿದಂತೆ ಪದರ ತಾನೇ ಬಿಡುತ್ತದೆ. ಬೆವರಿದ್ದರೆ ಅದೂ ಇಲ್ಲಿ ನಿಮ್ಮ ಪರ.

ಕೂದಲು ಸಿಕ್ಕಿಕೊಂಡ ಕಡೆ ಕೊಬ್ಬರಿ ಎಣ್ಣೆ. ಧಾರಾಳವಾಗಿ ಹಚ್ಚಿ ಹತ್ತು ನಿಮಿಷ ಸುಮ್ನೆ ಕೂರಿ. ಗ್ರೀಸ್ ಪೇಂಟ್ ಎಣ್ಣೆಯಲ್ಲಿ ಕರಗುತ್ತದೆ, ಲೇಟೆಕ್ಸ್ ಕರಗುವುದಿಲ್ಲ. ಆದರೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ, ಕೂದಲ ಮೇಲಿನ ಹಿಡಿತ ಬಿಡುತ್ತದೆ. ಆಮೇಲೆ ಬೆರಳಿನಿಂದ ಉಜ್ಜಿ ಉಜ್ಜಿ ಸಣ್ಣ ಉಂಡೆಗಳಾಗಿ ತೆಗೆಯಿರಿ. ಕಂಡೀಷನರ್ ಕೂಡ ನಡೆಯುತ್ತದೆ. ಏನು ಮಾಡಿದರೂ ಬಿಡದ ನಾಲ್ಕು ಕೂದಲಿದ್ದರೆ ಮೊಂಡು ತುದಿಯ ಕತ್ತರಿಯಿಂದ ಆ ಕೂದಲನ್ನೇ ಕತ್ತರಿಸಿ. ರೆಪ್ಪೆಗೆ ಅಂಟಿದ್ದರೆ ಮಾತ್ರ ನೀವು ಕೈ ಹಾಕಬೇಡಿ, ಡಾಕ್ಟರಿಗೆ ಬಿಡಿ.

ಸೀಮೆಎಣ್ಣೆ ಬೇಡ. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಕೂಡ ಬೇಡ. ಸೀಮೆಎಣ್ಣೆಗೆ ರಬ್ಬರ್ ಉಬ್ಬುವುದು ನಿಜ, ಹೇಳಿದವರು ಅದನ್ನು ನೋಡಿಯೇ ಹೇಳಿರಬೇಕು. ಆದರೆ ಶೇವ್ ಮಾಡಿದ, ಐದು ಗಂಟೆ ಬೆವರಲ್ಲಿ ನೆನೆದ ಚರ್ಮದ ಮೇಲೆ ಅದು ಬಿದ್ದರೆ ಬೊಬ್ಬೆ ಏಳುತ್ತದೆ. ಮೇಲಾಗಿ ಗ್ರೀನ್‌ರೂಮಿನಲ್ಲಿ ಯಾರೋ ಬೀಡಿ ಹಚ್ಚಿಕೊಂಡಿರುತ್ತಾರೆ.

ಪೂರ್ತಿ ತೆಗೆದ ಮೇಲೆ ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ. ಸುಡುನೀರು ಬೇಡ, ಮೈ ಉಜ್ಜುವ ಕಲ್ಲು, ನಾರು ಬೇಡ. ಒರೆಸಿಕೊಂಡು ವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ. ಸ್ವಲ್ಪ ಕೆಂಪಗಾಗಿದ್ದರೆ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಮರುದಿನವೂ ಉರಿ, ಗುಳ್ಳೆ, ತುರಿಕೆ ಇದ್ದರೆ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಮತ್ತೆ ಹಚ್ಚಬೇಡಿ. ಎರಡು ದಿನ ಸತತ ಪ್ರದರ್ಶನ ಇದ್ದರೆ ಮೈ ಮೇಲಿನ ಭಾಗವನ್ನು ಎರಡನೇ ದಿನ ಬರೀ ಪ್ಯಾನ್‌ಕೇಕ್‌ನಲ್ಲಿ ಮುಗಿಸಿ. ಕಿತ್ತ ಲೇಟೆಕ್ಸನ್ನು ಬಚ್ಚಲಿಗೆ ಬಿಡಬೇಡಿ, ಪೈಪ್ ಕಟ್ಟುತ್ತದೆ. ಉಳಿದ ಹಾಲನ್ನೂ ಅಷ್ಟೇ, ಹಳೇ ತಟ್ಟೆಯಲ್ಲಿ ಒಣಗಿಸಿ ಪೇಪರಿನಲ್ಲಿ ಸುತ್ತಿ ಒಣಕಸಕ್ಕೆ ಹಾಕಿ.

ಒಂದು ವೇಳೆ ಡಾಕ್ಟರ್ ಲೇಟೆಕ್ಸ್ ಬೇಡ ಅಂದರು ಅನ್ನಿ. ಆಗ ಬನಿಯನ್ ಉಪಾಯವೂ ಇಲ್ಲ, ಇಡೀ ತಂಡದಲ್ಲಿ ಯಾರೂ ನಿಮ್ಮ ಪಕ್ಕದಲ್ಲಿ ಲೇಟೆಕ್ಸ್ ಬಳಸಬಾರದು. ಒಣಗಿದ ಪದರಕ್ಕೆ ಹಾಕಿದ ಪೌಡರ್ ಆ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ತೇಲುತ್ತದೆ. ಕಲ್ಲಂತೂ ಆಗಬಹುದು. ಮುಲ್ತಾನಿ ಮಿಟ್ಟಿಯನ್ನು ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಕಂದು ಪ್ಯಾನ್‌ಕೇಕ್ ಬೆರೆಸಿ, ಕೈಯಿಂದಲೇ ಬಳಿದು ಒಣಗಲು ಬಿಡಿ. ಚಿತ್ರದುರ್ಗದ ಒಣಗಾಳಿಗೆ ಅರ್ಧ ಗಂಟೆಯೊಳಗೆ ಬಿರುಕು ಬಿಡುತ್ತದೆ. ಕೊನೆಯ ದೃಶ್ಯದಲ್ಲಿ ಭುಜ ಕೊಡವಿದರೆ ಚಕ್ಕೆ ಚಕ್ಕೆಯಾಗಿ ತಾನೇ ಉದುರುತ್ತದೆ. ಬನಿಯನ್ ಮೇಲೆ ಬಟ್ಟೆ ಚೂರು, ಟಿಶ್ಯೂಗಳನ್ನು ಮೈದಾ ಅಂಟಿನಲ್ಲಿ ಅಂಟಿಸಿದರೂ ಬಂಡೆಯ ಸುಕ್ಕು ಬರುತ್ತದೆ. ನಿಜ ಹೇಳಬೇಕೆಂದರೆ ನಿಮ್ಮ ಪಾತ್ರಕ್ಕೆ ಲೇಟೆಕ್ಸ್‌ಗಿಂತ ಈ ಮಣ್ಣೇ ಚೆನ್ನ ಅಂತ ನನಗನ್ನಿಸುತ್ತದೆ. ಖರ್ಚೂ ಕಡಿಮೆ. ತೆಗೆಯುವಾಗ ಒಣಮಣ್ಣನ್ನು ಉಜ್ಜಬೇಡಿ, ಚರ್ಮ ಗೀರುತ್ತದೆ. ಒದ್ದೆ ಟವೆಲ್ ಐದು ನಿಮಿಷ ಹೊದ್ದುಕೊಳ್ಳಿ, ಮಣ್ಣು ನೆನೆದು ಮೆತ್ತಗಾದ ಮೇಲೆ ನೀರು ಸುರಿದುಕೊಳ್ಳಿ.